ಜನರ ಮನಸ್ಸು ಮುಂದೆ ಸಾಗಿದೆ, ಕಾನೂನು ಜೊತೆಗೂಡಲಿ

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಸಲಿಂಗ ವಿವಾಹದ ಬಗ್ಗೆ ತೀರ್ಪು ಕೊಟ್ಟಿತು. 1954ರ ವಿಶೇಷ ವಿವಾಹ ಕಾಯ್ದೆಯಡಿ ತಮಗೂ ಮದುವೆಯಾಗಲು ಅವಕಾಶ ಕೊಡಿ ಎಂದು ಹಲವು ಜೋಡಿಗಳು ಕೇಳಿದ್ದವು. ಆ ಕಾಯ್ದೆಯಲ್ಲಿ ಗಂಡಿಗೆ 21, ಹೆಣ್ಣಿಗೆ 18 ಎಂಬ ವಯಸ್ಸಿನ ನಿಯಮವಿದೆ. ಉತ್ತರಾಧಿಕಾರ, ಜೀವನಾಂಶ, ದತ್ತು ಮುಂತಾದ ಹತ್ತಾರು ಕಾನೂನುಗಳು ಗಂಡ–ಹೆಂಡತಿ ಎಂಬ ಲೆಕ್ಕದಲ್ಲೇ ಬರೆದಂಥವು. ಇವನ್ನೆಲ್ಲ ಕೋರ್ಟಿನಲ್ಲಿ ಕೂತು ತಿದ್ದಿ ಬರೆಯಲಾಗದು, ಅದು ಸಂಸತ್ತಿನ ಕೆಲಸ ಎಂದು ಐವರೂ ಒಪ್ಪಿದರು. ಮದುವೆ ಇಲ್ಲದಿದ್ದರೂ ಇಂಥ ಜೋಡಿಗಳ ಸಹಬಾಳ್ವೆಗೆ ಸರ್ಕಾರ ಮಾನ್ಯತೆ ಕೊಡಬೇಕೇ ಎಂಬಲ್ಲಿ ಮಾತ್ರ ಪೀಠ ಒಡೆಯಿತು. ಮುಖ್ಯ ನ್ಯಾಯಮೂರ್ತಿಯಾಗಿದ್ದ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಎಸ್.ಕೆ. ಕೌಲ್ ಕೊಡಬೇಕು ಎಂದರು. ಉಳಿದ ಮೂವರು ಒಪ್ಪಲಿಲ್ಲ. ಮರುಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ವಜಾಗೊಂಡವು.

ಸಂಸತ್ತಿನ ಕೆಲಸ ಎಂದಮೇಲೆ ಅದು ಸಂಸದರನ್ನು ಆರಿಸಿ ಕಳಿಸುವ ನಮ್ಮ ಕೆಲಸವೂ ಹೌದು. ಹಾಗಾಗಿ ಈಗ ಕೇಳಬೇಕಾದ ಪ್ರಶ್ನೆ ಒಂದೇ: ಜನ ಏನೆನ್ನುತ್ತಾರೆ?

ವಿಚಾರಣೆ ನಡೆಯುತ್ತಿದ್ದ 2023ರ ಏಪ್ರಿಲ್ ತಿಂಗಳಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ನಿರ್ಣಯ ಹೊರಡಿಸಿ, ದೇಶದ ಶೇ 99.9ಕ್ಕೂ ಹೆಚ್ಚು ಜನ ಸಲಿಂಗ ವಿವಾಹದ ವಿರುದ್ಧ ಇದ್ದಾರೆ ಎಂದಿತು. ಅದೇ ವರ್ಷ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಭಾರತದಲ್ಲಿ ಸಮೀಕ್ಷೆ ನಡೆಸಿತು. ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಇರಲಿ ಎಂದವರು ಶೇ 53, ಬೇಡ ಎಂದವರು ಶೇ 43. ಇದೇ ಸಂಸ್ಥೆ 2014ರಲ್ಲಿ ಸಲಿಂಗ ಪ್ರೇಮವನ್ನು ಸಮಾಜ ಒಪ್ಪಬೇಕೇ ಎಂದು ಕೇಳಿದಾಗ ಹೌದು ಎಂದ ಭಾರತೀಯರು ಶೇ 15 ಮಾತ್ರ. 2019ರಲ್ಲಿ ಅದು ಶೇ 37ಕ್ಕೆ ಏರಿತ್ತು. ಮದುವೆಯ ಪ್ರಶ್ನೆಯೂ ಒಪ್ಪಿಗೆಯ ಪ್ರಶ್ನೆಯೂ ಒಂದೇ ಅಲ್ಲ. ಈ ಮೂರೂ ಅಂಕಿಗಳನ್ನು ಒಂದೇ ಗೆರೆಯ ಮೇಲೆ ಇಡಲಾಗದು. ಸಮೀಕ್ಷೆಯವರು ಕೇಳಿದಾಗ ಹೇಳುವ ಮಾತು ಬೇರೆ, ಸ್ವಂತ ಮಗ ಅಥವಾ ಮಗಳು ಎದುರಿಗೆ ನಿಂತು ಹೇಳಿದಾಗ ಬಾಯಿಂದ ಬರುವ ಮಾತು ಬೇರೆ ಎಂಬುದೂ ನಿಜ. ಇಷ್ಟು ಎಚ್ಚರ ಇಟ್ಟುಕೊಂಡು ನೋಡಿದರೂ ದಿಕ್ಕು ಸ್ಪಷ್ಟವಾಗಿದೆ. ದೇಶವೆಲ್ಲ ವಿರುದ್ಧ ಇದೆ ಎಂಬ ಮಾತಿಗೆ ಆಧಾರವಿಲ್ಲ.

ಇಷ್ಟು ಬದಲಾವಣೆ ಹೇಗಾಯಿತು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1860ರಲ್ಲಿ ಬ್ರಿಟಿಷರು ತಂದ ದಂಡ ಸಂಹಿತೆಯ 377ನೇ ಕಲಮು, ಪ್ರಕೃತಿಗೆ ವಿರುದ್ಧವಾದ ಸಂಭೋಗ ಎಂಬ ಹೆಸರಿನಲ್ಲಿ ಸಲಿಂಗ ಸಂಬಂಧವನ್ನು ಜೀವಾವಧಿ ಶಿಕ್ಷೆಯವರೆಗಿನ ಅಪರಾಧ ಮಾಡಿತು. ಇದರ ಮೂಲ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಕಾಲದ 1533ರ ಶಾಸನದಲ್ಲಿದೆ. ಇಂಗ್ಲೆಂಡ್ ತನ್ನ ನೆಲದಲ್ಲಿ 1967ರಲ್ಲೇ ಈ ಅಪರಾಧವನ್ನು ಕೈಬಿಡತೊಡಗಿತು. ನಾವು ಇನ್ನೂ ಐವತ್ತು ವರ್ಷ ಹಿಡಿದುಕೊಂಡು ಕೂತೆವು. ಸಲಿಂಗ ಪ್ರೇಮ ಪಶ್ಚಿಮದಿಂದ ಬಂದ ರೋಗ ಎನ್ನುವವರು ಇದನ್ನು ಗಮನಿಸಬೇಕು: ಪಶ್ಚಿಮದಿಂದ ಬಂದದ್ದು ಪ್ರೇಮವಲ್ಲ, ಅದಕ್ಕೆ ವಿಧಿಸಿದ ಶಿಕ್ಷೆ.

ಈ ಕಲಮಿನ ಅಡಿ ಕೋರ್ಟಿನಲ್ಲಿ ಶಿಕ್ಷೆಯಾದವರು ಕಡಿಮೆ. ಆದರೆ ಕಾನೂನು ಬರೀ ಕೋರ್ಟಿನಲ್ಲಿ ಕೆಲಸ ಮಾಡುವುದಿಲ್ಲ. ಪಾರ್ಕಿನಲ್ಲಿ ಕೂತ ಹುಡುಗನನ್ನು ಹೆದರಿಸಿ ಹಣ ಕೀಳುವ ಪೊಲೀಸನ ಕೈಯಲ್ಲಿ, ಮನೆಯವರಿಗೆ ಹೇಳುತ್ತೇನೆ ಎಂದು ಬೆದರಿಸುವ ಪರಿಚಿತನ ಬಾಯಲ್ಲಿ, ಗುಟ್ಟು ಗೊತ್ತಾದ ಮರುದಿನವೇ ಬಾಡಿಗೆ ಮನೆ ಬಿಡಿಸುವ ಮಾಲೀಕನ ಮಾತಿನಲ್ಲಿ ಅದು ದಿನವೂ ಬದುಕಿತ್ತು. ಅಪರಾಧಿ ಎನಿಸಿಕೊಂಡವನು ತನ್ನ ಬಗ್ಗೆ ಯಾರಿಗೂ ಹೇಳಲಾರ. ಯಾರೂ ಹೇಳದಿದ್ದಾಗ ಇಂಥವರು ನಮ್ಮ ನಡುವೆ ಇಲ್ಲವೇ ಇಲ್ಲ ಎಂದು ಉಳಿದವರು ನಂಬುತ್ತಾರೆ. ಇಲ್ಲದವರಿಗೆ ಹಕ್ಕೇಕೆ ಎಂಬ ತರ್ಕ ಅಲ್ಲಿಂದ ಹುಟ್ಟುತ್ತದೆ.

ಈ ಮೌನವನ್ನು ಮುರಿಯಲು ಬಹಳ ಕಾಲ ಹಿಡಿಯಿತು. 2009ರಲ್ಲಿ ದೆಹಲಿ ಹೈಕೋರ್ಟ್, ಒಪ್ಪಿಗೆಯಿಂದ ಕೂಡಿದ ವಯಸ್ಕರಿಗೆ 377 ಅನ್ವಯಿಸದು ಎಂದಿತು. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಇವರ ಸಂಖ್ಯೆ ಅತ್ಯಲ್ಪ ಎಂಬುದನ್ನೂ ಒಂದು ಕಾರಣವಾಗಿ ಹೇಳಿತು. ಮುಂದಿನ ತಿರುವಿಗೆ ಕಾರಣರಾದವರು ಒಬ್ಬ ಕನ್ನಡಿಗರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೋದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು. ಯಾರನ್ನು ಪ್ರೀತಿಸಬೇಕೆಂಬುದೂ ಆ ಖಾಸಗಿತನದ ಭಾಗ, ಸಂಖ್ಯೆ ಕಡಿಮೆ ಎಂಬುದು ಹಕ್ಕು ಕಸಿಯಲು ಕಾರಣವಾಗದು ಎಂದು ಆ ತೀರ್ಪು ಹೇಳಿತು. ಮರುವರ್ಷ, 2018ರ ಸೆಪ್ಟೆಂಬರ್ 6ರಂದು, ನೃತ್ಯ ಕಲಾವಿದ ನವತೇಜ್ ಸಿಂಗ್ ಜೋಹರ್ ಮತ್ತಿತರರ ಅರ್ಜಿಯಲ್ಲಿ ಐವರ ಪೀಠ ವಯಸ್ಕರ ಒಪ್ಪಿತ ಸಂಬಂಧಕ್ಕೆ ಅನ್ವಯಿಸುವ 377ರ ಭಾಗವನ್ನು ಒಮ್ಮತದಿಂದ ತೆಗೆದುಹಾಕಿತು. ಇಷ್ಟು ಕಾಲದ ಅವಮಾನಕ್ಕಾಗಿ ಇತಿಹಾಸವೇ ಇವರಲ್ಲಿ ಕ್ಷಮೆ ಕೇಳಬೇಕು ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು.

ಪ್ಯೂ ಸಮೀಕ್ಷೆಯ ಶೇ 15ಕ್ಕೂ ಶೇ 37ಕ್ಕೂ ನಡುವೆ ಈ ತೀರ್ಪು ಇದೆ. ಒಂದು ತೀರ್ಪು ಬಂದ ಮಾತ್ರಕ್ಕೆ ಜನ ಬದಲಾಗುವುದಿಲ್ಲ. ಆದರೆ ಮಾತಾಡಲು ಹೆದರುತ್ತಿದ್ದವರು ಮಾತಾಡಬಹುದು ಎಂಬ ವಾತಾವರಣವನ್ನು ಅದು ತಂದಿತು. ಜನರನ್ನು ಬದಲಾಯಿಸಿದ್ದು ಆ ಮಾತುಗಳು.

ಇದಕ್ಕೆ ದೊಡ್ಡ ಉದಾಹರಣೆ ಮದ್ರಾಸ್ ಹೈಕೋರ್ಟಿನದು. ಮದುರೆಯಿಂದ ಓಡಿ ಚೆನ್ನೈಗೆ ಬಂದ ಇಬ್ಬರು ಯುವತಿಯರು ಪೊಲೀಸರ ಕಾಟದಿಂದ ರಕ್ಷಣೆ ಕೇಳಿದ್ದರು. ಹೆತ್ತವರು ನಾಪತ್ತೆ ದೂರು ಕೊಟ್ಟಿದ್ದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಒಂದೇ ದಿನದಲ್ಲಿ ಆದೇಶ ಬರೆದು ಮುಗಿಸಲಿಲ್ಲ. ಈ ವಿಷಯದಲ್ಲಿ ತಮಗೆ ಸಾಕಷ್ಟು ತಿಳಿವಳಿಕೆ ಇಲ್ಲ, ಸಮಾಜದ ಪೂರ್ವಗ್ರಹ ತಮ್ಮಲ್ಲೂ ಇದೆ ಎಂದು ಬಹಿರಂಗವಾಗಿಯೇ ಹೇಳಿಕೊಂಡರು. ಮನಶ್ಶಾಸ್ತ್ರಜ್ಞೆಯೊಬ್ಬರ ಎದುರು ಕೂತು ಕಲಿತರು, ಸಮುದಾಯದವರ ಜೊತೆ ಮಾತಾಡಿದರು. ಆಮೇಲೆ 2021ರ ಜೂನ್ 7ರಂದು ಕೊಟ್ಟ ಆದೇಶದಲ್ಲಿ, ಇಂಥ ಜೋಡಿಗಳು ಸ್ವಂತ ಇಚ್ಛೆಯಿಂದ ಇರುವ ವಯಸ್ಕರೆಂದು ಕಂಡುಬಂದರೆ ಪೊಲೀಸರು ನಾಪತ್ತೆ ದೂರನ್ನು ಮುಕ್ತಾಯಗೊಳಿಸಬೇಕು, ಲೈಂಗಿಕ ಒಲವನ್ನು ಬದಲಿಸುವ ಹೆಸರಿನಲ್ಲಿ ನಡೆಯುವ ಚಿಕಿತ್ಸೆಯನ್ನು ತಡೆಯಬೇಕು ಎಂದರು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿತು. ಅಧಿಕಾರದ ಪೀಠದಲ್ಲಿ ಕೂತವರೊಬ್ಬರು ತನಗೆ ಗೊತ್ತಿಲ್ಲ, ಕಲಿಯುತ್ತೇನೆ ಎಂದದ್ದರ ಫಲ ಇದು. ಪೂರ್ವಗ್ರಹ ಇರುವುದು ತಪ್ಪಲ್ಲ, ಅದನ್ನು ಸಾಕಿಕೊಂಡು ಕೂರುವುದು ತಪ್ಪು.

ಹೆತ್ತವರೂ ಕಲಿಯುತ್ತಿದ್ದಾರೆ. 2023ರ ವಿಚಾರಣೆಯ ಹೊತ್ತಿನಲ್ಲಿ ‘ಸ್ವೀಕಾರ್’ ಎಂಬ ಪೋಷಕರ ಬಳಗದ ನಾನ್ನೂರಕ್ಕೂ ಹೆಚ್ಚು ತಂದೆತಾಯಿಗಳು ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದು, ನಮ್ಮ ಮಕ್ಕಳ ಮದುವೆಯನ್ನು ನಮ್ಮ ಕಾಲದಲ್ಲೇ ಕಣ್ತುಂಬ ನೋಡುವ ಆಸೆ ಇದೆ ಎಂಬ ಅರ್ಥದ ಮನವಿ ಮಾಡಿದರು. ಮಗಳ ಮದುವೆಯ ಚಿಂತೆ ಮಾಡುವ ಯಾವ ಅಪ್ಪ ಅಮ್ಮನಿಗೂ ಈ ಆಸೆ ಅಪರಿಚಿತವಲ್ಲ.

ಕನ್ನಡದ ನೆಲದಲ್ಲೂ ಈ ಮಾತು ಹೊಸದೇನಲ್ಲ. ಸುಪ್ರೀಂ ಕೋರ್ಟ್ 377ನ್ನು ಎತ್ತಿಹಿಡಿದ 2013ರಲ್ಲೇ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನ ಬಂತು. ಸಲಿಂಗಿಯೊಬ್ಬನ ಒಂಟಿತನ, ಆಸೆ, ಭಯಗಳನ್ನು ಒಳಗಿನಿಂದ ಬರೆದ ಆ ಪುಸ್ತಕವನ್ನು ಕನ್ನಡದ ಓದುಗರು ದೂರ ತಳ್ಳಲಿಲ್ಲ, ಕೈಗೆತ್ತಿಕೊಂಡು ಓದಿದರು. ಲೇಖಕರು ತಾವೂ ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡರು. ಅವರ ಮೇಲಿನ ಓದುಗರ ಪ್ರೀತಿ ಅದರಿಂದ ಕಡಿಮೆಯಾಗಲಿಲ್ಲ. ಸಿನಿಮಾದಲ್ಲೂ ಇದೇ ಕಥೆ. 1998ರಲ್ಲಿ ಇಬ್ಬರು ಹೆಂಗಸರ ಪ್ರೀತಿಯ ಕಥೆಯಿದ್ದ ‘ಫೈರ್’ ತೆರೆಕಂಡಾಗ ವಿರೋಧಿಗಳು ಮುಂಬೈ, ದೆಹಲಿಯ ಚಿತ್ರಮಂದಿರಗಳಿಗೆ ನುಗ್ಗಿ ಗಾಜು ಒಡೆದರು. 2023ರಲ್ಲಿ ಮಲಯಾಳದ ‘ಕಾದಲ್’ ಚಿತ್ರದಲ್ಲಿ ಸಲಿಂಗಿಯ ಪಾತ್ರವನ್ನು ಸ್ವತಃ ಮಮ್ಮುಟ್ಟಿ ಮಾಡಿದರು. ಚಿತ್ರ ಓಡಿತು, ಕೇರಳ ಸರ್ಕಾರದ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನೂ ಪಡೆಯಿತು.

ಇಲ್ಲೊಂದು ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು. ಲಿಂಗತ್ವ ಅಲ್ಪಸಂಖ್ಯಾತರು ಮತ್ತು ಸಲಿಂಗಿಗಳು ಒಂದೇ ಅಲ್ಲ. ಮೊದಲನೆಯದು ತಾನು ಗಂಡೋ ಹೆಣ್ಣೋ ಎಂಬ ಅರಿವಿಗೆ ಸೇರಿದ್ದು, ಎರಡನೆಯದು ಮನಸ್ಸು ಯಾರ ಕಡೆ ಒಲಿಯುತ್ತದೆ ಎಂಬುದಕ್ಕೆ. ಮೊದಲನೆಯವರ ವಿಷಯದಲ್ಲಿ ಕರ್ನಾಟಕ ಕೆಲವು ಹೆಜ್ಜೆ ಮುಂದಿದೆ. ಜೋಗತಿ ಕಲಾವಿದೆ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಪದ್ಮಶ್ರೀ ಪಡೆದರು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಇವರಿಗೆ ಶೇ 1ರ ಸಮತಲ ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು. ಆದರೆ ಇದರಲ್ಲೇ ಒಂದು ಪಾಠವೂ ಇದೆ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರ ಕಾಲಿಗೆ ಜನ ಬಹಳ ಹಿಂದಿನಿಂದ ಬೀಳುತ್ತಲೇ ಬಂದಿದ್ದಾರೆ. ಕಾಲಿಗೆ ಬಿದ್ದವರೇ ಮನೆ ಬಾಡಿಗೆಗೆ ಕೊಡಲಿಲ್ಲ, ಕೆಲಸ ಕೊಡಲಿಲ್ಲ. ಭಕ್ತಿಯಿಂದ ಹೊಟ್ಟೆ ತುಂಬಲಿಲ್ಲ, ನೌಕರಿ ಕೊಟ್ಟದ್ದು ಆದೇಶ. ಗೌರವ ಬೇರೆ, ಹಕ್ಕು ಬೇರೆ.

ಸಲಿಂಗ ವಿವಾಹ ಬರೀ ನಗರದ, ಉಳ್ಳವರ ಬೇಡಿಕೆ ಎಂದು ಕೇಂದ್ರ ಸರ್ಕಾರ ಕೋರ್ಟಿನಲ್ಲಿ ವಾದಿಸಿತ್ತು. 1980ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಇಬ್ಬರು ಮಹಿಳಾ ಪೊಲೀಸ್ ಪೇದೆಗಳು ಪರಸ್ಪರ ಮದುವೆಯಾಗಿ ಕೆಲಸ ಕಳೆದುಕೊಂಡರು. ಆಗ ಇಂಟರ್ನೆಟ್ಟೂ ಇರಲಿಲ್ಲ, ನಗರಗಳಲ್ಲಿ ಪ್ರೈಡ್ ಮೆರವಣಿಗೆಯೂ ಇರಲಿಲ್ಲ. 2022ರಲ್ಲಿ ಕೇರಳ ಹೈಕೋರ್ಟ್ ಮತ್ತೆ ಒಂದುಗೂಡಿಸಿದ ಇಬ್ಬರು ಯುವತಿಯರೂ ಸಾಮಾನ್ಯ ಮನೆಗಳವರೇ. ಇಂಥವರು ಎಲ್ಲ ಊರಲ್ಲೂ ಇದ್ದಾರೆ. ಬಾಯಿಬಿಟ್ಟು ಹೇಳುವ ಅನುಕೂಲ ಮಾತ್ರ ನಗರದಲ್ಲಿ ಸ್ವಲ್ಪ ಹೆಚ್ಚು.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಮದುವೆ ಒಂದು ಸಂಸ್ಕಾರ, ಅದರ ಸ್ವರೂಪವನ್ನು ಮುಟ್ಟಬಾರದು ಎನ್ನುವವರಿದ್ದಾರೆ. ಅವರ ನಂಬಿಕೆಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಮದುವೆಯ ಸ್ವರೂಪ ಬದಲಾಗುತ್ತಲೇ ಬಂದಿದೆ. 12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮನೆಗೂ ಮಧುವರಸನ ಮನೆಗೂ ಜಾತಿ ಮೀರಿ ನಡೆದ ಮದುವೆ ರಾಜ್ಯವನ್ನೇ ಅಲ್ಲಾಡಿಸಿತು. ಇಂದು ಅದೇ ಮದುವೆಯನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಪುರೋಹಿತರಿಲ್ಲದೆ, ವರದಕ್ಷಿಣೆಯಿಲ್ಲದೆ ಮಂತ್ರಮಾಂಗಲ್ಯದ ಕ್ರಮದಲ್ಲಿ ನಡೆಸಿದರು. 1955ರ ಹಿಂದೂ ವಿವಾಹ ಕಾಯ್ದೆ ಬರುವತನಕ ದೇಶದ ಬಹುಭಾಗದಲ್ಲಿ ಹಿಂದೂ ಗಂಡಸು ಎಷ್ಟು ಮದುವೆಯನ್ನಾದರೂ ಆಗಬಹುದಿತ್ತು, ಹೆಂಡತಿಗೆ ವಿಚ್ಛೇದನದ ದಾರಿ ಇರಲಿಲ್ಲ. ಆ ಕಾನೂನಿಗೆ ಆಗ ಭಾರೀ ವಿರೋಧವಿತ್ತು. ಹಿಂದೂ ಸಂಹಿತೆ ಮಸೂದೆ ಮುಂದೆ ಸಾಗದ ನೋವಿನಲ್ಲಿ ಅಂಬೇಡ್ಕರ್ 1951ರಲ್ಲಿ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟರು. ಜನರೆಲ್ಲ ಒಪ್ಪಲಿ ಎಂದು ಸಂಸತ್ತು ಕಾದಿದ್ದರೆ ಇಂದಿಗೂ ಕಾಯುತ್ತಿರುತ್ತಿತ್ತು. ಇನ್ನು, ಯಾವ ಮಠ, ಗುಡಿ, ಮಸೀದಿ, ಚರ್ಚೂ ತನ್ನ ವಿಧಿಯಲ್ಲಿ ಈ ಮದುವೆ ಮಾಡಿಸಬೇಕು ಎಂದು ಯಾರೂ ಕೇಳಿಲ್ಲ. ಕೇಳಿದ್ದು ಧರ್ಮಕ್ಕೆ ಸಂಬಂಧವಿಲ್ಲದ ನೋಂದಣಿ ಕಚೇರಿಯ ಮದುವೆಯನ್ನು.

ಬೇರೆ ದೇಶಗಳ ಅನುಭವ ಏನು ಹೇಳುತ್ತದೆ? ಕ್ಯಾಥೊಲಿಕ್ ಚರ್ಚಿನ ಹಿಡಿತ ಬಲವಾಗಿದ್ದ ಐರ್ಲೆಂಡಿನಲ್ಲಿ 1993ರವರೆಗೂ ಗಂಡಸರ ಸಲಿಂಗ ಸಂಬಂಧ ಅಪರಾಧವಾಗಿತ್ತು. 22 ವರ್ಷಗಳ ನಂತರ, 2015ರ ಮೇ 22ರಂದು, ಅದೇ ದೇಶ ಜನಮತಗಣನೆಯಲ್ಲಿ ಶೇ 62ರ ಬಹುಮತದಿಂದ ಸಲಿಂಗ ವಿವಾಹವನ್ನು ಸಂವಿಧಾನಕ್ಕೆ ಸೇರಿಸಿತು. 43 ಕ್ಷೇತ್ರಗಳಲ್ಲಿ ಒಂದು ಮಾತ್ರ ಬೇಡ ಎಂದಿತು. ಅಲ್ಲಿನ ಕಾರ್ಯಕರ್ತರು ಮನೆಮನೆಗೆ ಹೋಗಿ ತಮ್ಮ ಬದುಕಿನ ಕಥೆ ಹೇಳಿದರು, ವಾದ ಗೆಲ್ಲಲು ಹೋಗಲಿಲ್ಲ. ಮಹಾರಾಷ್ಟ್ರ ಮೂಲದ ವೈದ್ಯರ ಮಗ, ಆಗ ಆರೋಗ್ಯ ಸಚಿವರಾಗಿದ್ದ ಲಿಯೋ ವರಾಡ್ಕರ್ ಮತದಾನಕ್ಕೆ ಕೆಲವೇ ತಿಂಗಳ ಮುನ್ನ ರೇಡಿಯೊದಲ್ಲಿ ತಾನು ಸಲಿಂಗಿ ಎಂದರು. ಎರಡು ವರ್ಷದ ನಂತರ ಅವರೇ ಪ್ರಧಾನಿಯಾದರು.

ತೈವಾನಿನ ದಾರಿ ಬೇರೆ. 2017ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಎರಡು ವರ್ಷದೊಳಗೆ ಕಾನೂನು ಮಾಡಿ ಎಂದಿತು. 2018ರ ನವೆಂಬರಿನ ಜನಮತಗಣನೆಯಲ್ಲಿ ದೊಡ್ಡ ಬಹುಮತ ವಿರುದ್ಧವಾಗಿ ಮತ ಹಾಕಿತು. ಆದರೂ ಸಂಸತ್ತು 2019ರ ಮೇ ತಿಂಗಳಲ್ಲಿ ಪ್ರತ್ಯೇಕ ಕಾನೂನು ತಂದಿತು. ಮದುವೆಗಳಾದವು, ಹೆದರಿದವರು ಹೇಳಿದ್ದ ಯಾವ ಅನಾಹುತವೂ ಆಗಲಿಲ್ಲ. ಕೆಲವೇ ವರ್ಷಗಳಲ್ಲಿ ಸರ್ಕಾರಿ ಸಮೀಕ್ಷೆಗಳಲ್ಲಿ ಬೆಂಬಲಿಗರೇ ಬಹುಮತವಾದರು. ಅಂದರೆ ಮನಸ್ಸು ಬದಲಾದ ಮೇಲೆ ಹಕ್ಕು ಎಂಬ ಕ್ರಮ ಎಲ್ಲ ಕಡೆ ನಡೆಯುವುದಿಲ್ಲ. ಹಕ್ಕು ಬಂದ ಮೇಲೆ ಮನಸ್ಸು ಬದಲಾದದ್ದೂ ಉಂಟು. ನಮ್ಮ ಏಷ್ಯಾದಲ್ಲೇ ನೇಪಾಳ 2023ರಲ್ಲಿ ಮೊದಲ ಮದುವೆಯನ್ನು ನೋಂದಾಯಿಸಿತು, ಥಾಯ್ಲೆಂಡಿನ ಕಾನೂನು 2025ರ ಜನವರಿಯಲ್ಲಿ ಜಾರಿಗೆ ಬಂತು.

ಒಮ್ಮೆ ಬದಲಾದದ್ದು ಹಾಗೇ ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 1996ರಲ್ಲಿ ಕೇಳಿದಾಗ ಸಲಿಂಗ ವಿವಾಹದ ಪರ ಇದ್ದವರು ಶೇ 27. 2023ರಲ್ಲಿ ಶೇ 71. ಈಚೆಗೆ ಅದು ತುಸು ಇಳಿದಿದೆ. ರಿಪಬ್ಲಿಕನ್ ಬೆಂಬಲಿಗರಲ್ಲಿ 2025ರ ಹೊತ್ತಿಗೆ ಶೇ 41ಕ್ಕೆ ಕುಸಿದಿದೆ. ಪಕ್ಷ ರಾಜಕಾರಣ ಮನುಷ್ಯರ ಬದುಕನ್ನು ಅಸ್ತ್ರ ಮಾಡಿಕೊಂಡಾಗ ಹೀಗಾಗುತ್ತದೆ. ಆದ್ದರಿಂದ ಬರೀ ಜನರ ಒಳ್ಳೆಯತನವನ್ನು ನಂಬಿ ಕೂರದೆ, ಇರುವ ಒಪ್ಪಿಗೆಯನ್ನು ಕಾನೂನಾಗಿ ಬರೆದಿಡಬೇಕು.

ಕಾನೂನು ಇಲ್ಲದಿದ್ದರೆ ಏನು ನಷ್ಟ? ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದ ಇಬ್ಬರಲ್ಲಿ ಒಬ್ಬರು ಉಯಿಲು ಬರೆಯದೆ ತೀರಿಕೊಂಡರೆ, ಇನ್ನೊಬ್ಬರು ಕಾನೂನಿನ ಕಣ್ಣಿಗೆ ಹೊರಗಿನವರು. ವರ್ಷಗಟ್ಟಲೆ ಮುಖ ನೋಡದ ಅಣ್ಣನ ಮಗ ವಾರಸುದಾರನಾಗಿ ಬಂದು ಮನೆಗೆ ಬೀಗ ಹಾಕಬಹುದು. ಕುಟುಂಬ ಪಿಂಚಣಿ ಸಿಗದು. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಹೋದರೆ ಆಸ್ಪತ್ರೆಯವರು ನೀವು ರೋಗಿಗೆ ಏನಾಗಬೇಕು ಎಂದು ಕೇಳುತ್ತಾರೆ. ಜೋಡಿಯಾಗಿ ಮಗುವನ್ನು ದತ್ತು ಪಡೆಯುವಂತಿಲ್ಲ. ಗಂಡ ಹೆಂಡತಿಗೆ ದಾನಪತ್ರ ಬರೆದುಕೊಟ್ಟರೆ ನಮ್ಮ ರಾಜ್ಯದ ಉಪನೋಂದಣಿ ಕಚೇರಿಯಲ್ಲಿ ನಿಗದಿತ ಸಣ್ಣ ಮೊತ್ತದ ಮುದ್ರಾಂಕ ಶುಲ್ಕ ಸಾಕು. ಈ ಜೋಡಿಗಳು ಬರೆದುಕೊಂಡರೆ ಪರಕೀಯರ ನಡುವಿನ ವ್ಯವಹಾರದಂತೆ ಆಸ್ತಿಯ ಪೂರ್ತಿ ಮೌಲ್ಯದ ಮೇಲೆ ಶುಲ್ಕ ಕಟ್ಟಬೇಕು. ಮದುವೆ ಎಂದರೆ ಬರೀ ವಾಲಗ, ಧಾರೆ, ಊಟವಲ್ಲ. ಕಷ್ಟ ಬಂದಾಗ ನೀನು ನನ್ನವನು ಎಂದು ಸರ್ಕಾರದ ಮುಂದೆ ಸಾಬೀತು ಮಾಡುವ ಕಾಗದವೂ ಹೌದು.

ಸರ್ಕಾರ ಪೂರ್ತಿ ಸುಮ್ಮನೆ ಕೂತಿಲ್ಲ. ಕೋರ್ಟಿಗೆ ಕೊಟ್ಟ ಮಾತಿನಂತೆ 2024ರ ಏಪ್ರಿಲಿನಲ್ಲಿ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಅದೇ ವರ್ಷ ಆಗಸ್ಟಿನಲ್ಲಿ ಹಣಕಾಸು ಇಲಾಖೆ ಸ್ಪಷ್ಟಪಡಿಸಿತು. ಪಡಿತರ ಚೀಟಿಗೆ ಇಬ್ಬರನ್ನೂ ಒಂದೇ ಮನೆಯವರೆಂದು ಪರಿಗಣಿಸಬೇಕು, ಹತ್ತಿರದ ಬಂಧುಗಳು ಇಲ್ಲದಾಗ ಸಂಗಾತಿಗೇ ಪಾರ್ಥಿವ ಶರೀರ ಒಪ್ಪಿಸಬೇಕು ಎಂದು ರಾಜ್ಯಗಳಿಗೆ ಪತ್ರಗಳು ಹೋದವು. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠ, ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ, ತಾವೇ ಆರಿಸಿಕೊಂಡ ಕುಟುಂಬಕ್ಕೂ ಬೆಲೆಯಿದೆ ಎಂದಿತು. ಇವೆಲ್ಲ ಸ್ವಾಗತಾರ್ಹ. ಆದರೆ ಸುತ್ತೋಲೆ ಹಕ್ಕಲ್ಲ. ಸುತ್ತೋಲೆಯನ್ನು ಕೌಂಟರಿನ ಗುಮಾಸ್ತ ನೋಡಿಲ್ಲ ಎನ್ನಬಹುದು, ಮುಂದಿನ ಸರ್ಕಾರ ಹಿಂತೆಗೆಯಬಹುದು.

ಸಂಸತ್ತು ಮಾಡಬೇಕಾದ್ದು ಎರಡು ಕೆಲಸ. ವಿಶೇಷ ವಿವಾಹ ಕಾಯ್ದೆಯನ್ನು ಯಾವ ಇಬ್ಬರು ವಯಸ್ಕರಿಗೂ ಅನ್ವಯವಾಗುವಂತೆ ತಿದ್ದಬೇಕು. ಅದಕ್ಕೆ ಸಮಯ ಬೇಕು ಎನ್ನುವುದಾದರೆ, ಉತ್ತರಾಧಿಕಾರ, ಪಿಂಚಣಿ, ಚಿಕಿತ್ಸೆ, ಆಸ್ತಿ ವರ್ಗಾವಣೆಗೆ ಸಂಬಂಧಿಸಿದ ಹಕ್ಕುಗಳನ್ನು ಒಂದು ಕಾನೂನಿನ ಮೂಲಕ ಈಗಲೇ ಕೊಡಬೇಕು. ಕರ್ನಾಟಕ ಸರ್ಕಾರವೂ ದೆಹಲಿಯ ಕಡೆ ನೋಡುತ್ತಾ ಕೂರಬೇಕಿಲ್ಲ. ಮುದ್ರಾಂಕ ಶುಲ್ಕ ರಾಜ್ಯದ ಕೈಯಲ್ಲಿದೆ, ಸರ್ಕಾರಿ ಆಸ್ಪತ್ರೆಗಳು ಅದರ ಕೈಯಲ್ಲಿವೆ, ಪೊಲೀಸ್ ಇಲಾಖೆಯೂ ಅದರದ್ದೇ.

ಉಳಿದದ್ದು ಮನೆಗಳ ಕೆಲಸ. ಮಗ ಅಥವಾ ಮಗಳು ಒಂದು ದಿನ ಬಂದು ತಾನು ಸಲಿಂಗಿ ಎಂದು ಹೇಳಿದರೆ, ಡಾಕ್ಟರ ಬಳಿಗೂ ಓಡಬೇಡಿ, ಜ್ಯೋತಿಷಿಯ ಬಳಿಗೂ ಓಡಬೇಡಿ. ಇದು ರೋಗವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಹೇಳಿದೆ, ಭಾರತೀಯ ಮನೋವೈದ್ಯರ ಸಂಘವೂ ಹೇಳಿದೆ. ಬಲವಂತದ ಮದುವೆ ಮಾಡಿಸಿದರೆ ಸರಿಹೋಗುತ್ತದೆ ಎಂದು ಏನೂ ಅರಿಯದ ಇನ್ನೊಂದು ಮನೆಯ ಹೆಣ್ಣಿನ ಬಾಳನ್ನೂ ಹಾಳು ಮಾಡಬೇಡಿ. ಕೂತು ಕೇಳಿ. ನಿಮ್ಮ ಮಗು ಈ ಮಾತನ್ನು ಎಲ್ಲರಿಗಿಂತ ಮೊದಲು ನಿಮಗೆ ಹೇಳಿತು ಎಂದರೆ ಅದು ನಿಮ್ಮ ಮೇಲಿಟ್ಟ ನಂಬಿಕೆ. ಆ ನಂಬಿಕೆಯನ್ನು ಉಳಿಸಿಕೊಳ್ಳಿ. ಮತ ಕೇಳಲು ಬರುವ ಅಭ್ಯರ್ಥಿಯನ್ನು ಈ ಕಾನೂನಿನ ಬಗ್ಗೆ ನಿಮ್ಮ ನಿಲುವೇನು ಎಂದು ಕೇಳಿ. ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ಜನರ ಪ್ರತಿನಿಧಿಗಳಿಗೆ ಬಿಟ್ಟಿದೆ. ಅವರಿಂದ ಉತ್ತರ ಪಡೆಯುವ ಹೊಣೆ ನಮ್ಮದು.